ಗಿಟಾರಿನೊಳಗಿನ ಮಗ್ಗ

ರಬಕವಿಯ ನಂದಕಿಶೋರ ಮಾಸ್ತರರು ಹೊಟ್ಟೆಪಾಡಿಗೆ ಪತ್ತಿನ ಸಂಘವೊಂದರ ಕಾರಕೂನರು. ಆದರೆ ಯಾರಾದರೂ ಹಾಗೆಂದು ಪರಿಚಯ ಮಾಡಿಕೊಟ್ಟರೆ ಅವರಿಗೆ ಮೈಯೆಲ್ಲ ತುರಿಸುತ್ತಿತ್ತು. ಅವರ ಕಿಸೆಯಲ್ಲಿದ್ದ ವಿಸಿಟಿಂಗ್ ಕಾರ್ಡಿನಲ್ಲಿ ‘ನಂದಕಿಶೋರ, ಗಿಟಾರ್ ವಾದಕರು ಹಾಗೂ ಗುರುಗಳು, ಜಮಖಂಡಿ–ಮುಧೋಳ–ಬೀಳಗಿ–ರಬಕವಿ ಬನಹಟ್ಟಿ’ ಎಂದು ಅಚ್ಚಾಗಿತ್ತು. ಈ ನಾಲ್ಕು ತಾಲೂಕುಗಳನ್ನು ಅವರಿಗೆ ಯಾರೂ ಬರೆದುಕೊಟ್ಟಿರಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಯಾರೂ ತಕರಾರನ್ನೂ ಮಾಡಿರಲಿಲ್ಲ. ಅಷ್ಟು ದೂರದಲ್ಲಿ ಇನ್ನೊಂದು ಗಿಟಾರ್ ಇದ್ದದ್ದೇ ಯಾರಿಗೂ ಗೊತ್ತಿರಲಿಲ್ಲ.

ಗಣಪತಿ ಮಂಡಳ, ಸಾಲೆಯ ಗ್ಯಾದರಿಂಗ್, ಮದುವೆಯ ರಿಸೆಪ್ಶನ್, ಎಲ್ಲಿಗೆ ಕರೆದರೂ ಮಾಸ್ತರರು ಹೋಗುತ್ತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ಕಿನ ಒಂದು ಚಿಪ್ಪು ಹಿಡಿದು ಆರೂ ತಂತಿಗಳ ಮೇಲೆ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಗೀಚುತ್ತಿದ್ದರು. ಅವರಿಗೆ ಐದು ಕಾರ್ಡ್, ಎಂದರೆ ಹಲವು ತಂತಿಗಳನ್ನು ಒಟ್ಟಿಗೆ ನುಡಿಸುವ ಸ್ವರಕೂಟಗಳು, ಬರುತ್ತಿದ್ದವು. ಆರನೆಯದು ಎಫ್. ಅದಕ್ಕೆ ತೋರುಬೆರಳೊಂದರಿಂದಲೇ ಎಲ್ಲ ತಂತಿಗಳನ್ನು ಒತ್ತಿಹಿಡಿಯಬೇಕು. ಇಪ್ಪತ್ತೆರಡು ವರ್ಷ ಒತ್ತಿದರೂ ಅದು ನೊಣದ ಹಾಗೆ ಗುಂಯ್‌ಗುಡುತ್ತಿತ್ತೇ ಹೊರತು ನುಡಿಯುತ್ತಿರಲಿಲ್ಲ. ಶಿಷ್ಯರು ಕೇಳಿದರೆ ಮಾಸ್ತರರ ಉತ್ತರ ತಯಾರಿತ್ತು.

“ನಮ್ಮ ಕಡೆ ಹವಾ ಒಣಾ. ಎಫ್ ಇಲ್ಲೆ ಹೊಂದೂದಿಲ್ಲ. ಸಮುದ್ರದ ದಂಡಿಗೆ ಬೇಕಾದ್ರ ಹಿಡೀರಿ.”

ಒಬ್ಬ ಶಿಷ್ಯ ಗೋವಾಕ್ಕೆ ಹೋಗಿ ಬಂದು, ಅಲ್ಲಿಯೂ ಬರಲಿಲ್ಲ ಎಂದು ವರದಿ ಮಾಡಿದ. “ಎಷ್ಟು ದಿನಾ ಇದ್ದಿ?” ಎಂದರು ಮಾಸ್ತರರು. “ಎರಡ ದಿನಾ ಸರ್.” “ಎರಡ ದಿನಕ್ಕ ಹವಾ ಮೈಗೆ ಹತ್ತತದ ಏನೋ?”

ಹೀಗೆ ಸುಖವಾಗಿದ್ದ ಮಾಸ್ತರರಿಗೆ ಹೊಟ್ಟೆಯಲ್ಲಿ ಉರಿ ಶುರುವಾದದ್ದು ಒಂದು ಮಂಗಳವಾರ ಬೆಳಿಗ್ಗೆ, ಬನಹಟ್ಟಿಯಲ್ಲಿ.

ಬನಹಟ್ಟಿಯ ಪೇಟೆಯಲ್ಲಿ ಶಿವಯೋಗೆಪ್ಪನವರ ನೂಲಿನ ಅಂಗಡಿ. ಅದರ ಮಾಳಿಗೆಗೆ ಹೊಸದಾಗಿ ಒಂದು ಬೋರ್ಡು ಬಿದ್ದಿತ್ತು: ‘ಗುರುಪಾದ. ಫಿಂಗರ್‌ಸ್ಟೈಲ್ ಗಿಟಾರ್ ಕಲಿಸಲಾಗುವುದು.’ ಈ ಗುರುಪಾದ ಅದೇ ಊರಿನ ಮಗ್ಗದ ಈರಪ್ಪನ ಮಗ. ಒಂದು ವರ್ಷದಿಂದ ಅಪ್ಪನ ಮನೆಯ ಪಡಸಾಲೆಯಲ್ಲಿ ಕಲಿಸುತ್ತಿದ್ದನಂತೆ. ಕಲಿಯುವವರು ಹೆಚ್ಚಿದ್ದರಿಂದ ಈಗ ಈ ಮಾಳಿಗೆ ಹಿಡಿದಿದ್ದ. ಒಂದು ವರ್ಷದಿಂದ ನಡೆದ ಸಂಗತಿ ನಾಲ್ಕು ತಾಲೂಕುಗಳ ಗುರುಗಳಿಗೆ ಗೊತ್ತೇ ಇರಲಿಲ್ಲ.

“ಫಿಂಗರ್‌ಸ್ಟೈಲ್ ಅಂದ್ರೇನ್ರೀ ಸರ್?” ಎಂದು ಶಿವಯೋಗೆಪ್ಪ ಕೇಳಿದರು.

“ಬಟ್ಟಿನಿಂದ ಬಾರಸೂದು ಅಂತ. ಎಲ್ಲಾರೂ ಬಟ್ಟಿನಿಂದನ ಬಾರಸ್ತಾರ್ರೀ. ಮೊಣಕೈಲೆ ಬಾರಸೂವವ್ರನ್ನ ನೀವು ನೋಡೀರೇನು?” ಎಂದು ನಕ್ಕು ಮಾಸ್ತರರು ಮೆಟ್ಟಿಲು ಹತ್ತಿದರು.

ಅರ್ಧ ಮೆಟ್ಟಿಲಿನಲ್ಲಿ ನಿಂತರು. ಸುತ್ತಲಿನ ಮಗ್ಗಗಳ ಖಟಖಟದ ನಡುವೆಯೂ ಮೇಲಿನಿಂದ ಮೂರು ಸಪ್ಪಳ ಸ್ಪಷ್ಟವಾಗಿ ಬರುತ್ತಿದ್ದವು. ದಪ್ಪ ತಂತಿಯ ಮೇಲೆ ಯಾರೋ ಗಂಭೀರವಾಗಿ ಹೆಜ್ಜೆ ಹಾಕುತ್ತಿದ್ದರು. ಅದರ ಮೇಲೆ ಇನ್ನೊಬ್ಬರು ಹಾಡಿನ ಧಾಟಿ ನುಡಿಸುತ್ತಿದ್ದರು. ಮೂರನೆಯವರು ಡಗ್ಗಾದ ಮೇಲೆ ತಾಳ ತಟ್ಟುತ್ತಿದ್ದರು. ಮೂವರು ಕಲಾವಿದರ ಮುಂದೆ ಹೋಗುವುದೆಂದು ಮಾಸ್ತರರು ಕ್ರಾಪು ತಿದ್ದಿಕೊಂಡು, ಬಾಗಿಲಲ್ಲಿ ಇಣುಕಿದರು.

ಒಳಗೆ ಮೂವತ್ತು ದಾಟಿದ ಒಬ್ಬ ಬಡಕಲು ಮನುಷ್ಯ ಕಣ್ಣು ಮುಚ್ಚಿ ಕೂತಿದ್ದ. ಒಂದೇ ಗಿಟಾರ್. ವೈರಿಲ್ಲ, ಸ್ಪೀಕರಿನ ಪೆಟ್ಟಿಗೆಯಿಲ್ಲ. ಬಲಗೈಯ ಹೆಬ್ಬೆರಳು ದಪ್ಪ ತಂತಿಗಳ ಮೇಲೆ ನಡೆಯುತ್ತಿತ್ತು, ಉಳಿದ ಬೆರಳುಗಳು ಸಣ್ಣ ತಂತಿಗಳಿಂದ ಧಾಟಿ ಎತ್ತುತ್ತಿದ್ದವು, ಅಂಗೈಯ ಬುಡ ಆಗಾಗ ಕಟ್ಟಿಗೆಯನ್ನು ತಟ್ಟುತ್ತಿತ್ತು. ಎಡಗೈ ಎಫ್ ಹಿಡಿದಿತ್ತು. ಬರೇ ಹಿಡಿದಿರಲಿಲ್ಲ, ಊಟ ಮುಗಿಸಿದವರು ಲೋಡಿಗೆ ಒರಗಿದ ಹಾಗೆ ಅದರ ಮೇಲೆ ಒರಗಿತ್ತು.

ಮಾಸ್ತರರು ಸಪ್ಪಳ ಮಾಡದೆ ಇಳಿದುಬಂದರು. ಎದೆಯಿಂದ ಹೊಕ್ಕುಳದವರೆಗೆ ಯಾರೋ ಖಾರ ಅರೆದ ಹಾಗೆ ಆಗುತ್ತಿತ್ತು.

“ಹೆಂಗೈತ್ರೀ ಸರ್ ಹುಡುಗನ ಕೈ?” ಎಂದರು ಶಿವಯೋಗೆಪ್ಪ, ಚಹಾ ಮುಂದೆ ಮಾಡುತ್ತ. ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಕೂತಿದ್ದರು.

“ಕೈ ಅಲ್ರೀ. ಒಳಗ ಮಶೀನ್ ಅದ.”

ಇದನ್ನು ಮಾಸ್ತರರು ಯೋಚಿಸಿ ಆಡಲಿಲ್ಲ. ಉರಿಯೇ ಆಡಿಸಿತು. ಆದರೆ ಬಾಯಿಂದ ಬಿದ್ದಮೇಲೆ ಆ ಮಾತು ಎಷ್ಟು ಚೆಂದ ಕೇಳಿಸಿತೆಂದರೆ ಅವರಿಗೇ ನಿಜವೆನಿಸಿತು. ಒಬ್ಬ ಮನುಷ್ಯ, ಮೂರು ಸಪ್ಪಳ. ಮಶೀನ್ ಇಲ್ಲದೆ ಹೇಗೆ ಸಾಧ್ಯ?

ಮಧ್ಯಾಹ್ನದೊಳಗೆ ಮಶೀನ್ ಬನಹಟ್ಟಿ ದಾಟಿತು. ಜಮಖಂಡಿ ಮುಟ್ಟುವಾಗ ಅದು ಚೀನಾದ ಮಶೀನ್ ಆಗಿತ್ತು. ಮುಧೋಳದಲ್ಲಿ ಅದರ ರಿಮೋಟು ಅವನ ಬೂಟಿನಲ್ಲಿತ್ತು. ಬೀಳಗಿಯಲ್ಲಿ ಗುರುಪಾದ ಗಿಟಾರಿನವನೇ ಅಲ್ಲ, ಮೊಬೈಲ್ ರಿಪೇರಿಯವನು ಎಂದು ಇತ್ಯರ್ಥವಾಯಿತು. ರನ್ನ ಬೆಳಗಲಿಯ ರೈತರೊಬ್ಬರು, ಅಂಥದೊಂದು ಮಶೀನನ್ನು ಗೋವಿನಜೋಳದ ಹೊಲದಲ್ಲಿಟ್ಟರೆ ಹಂದಿ ಓಡುತ್ತವೆಯೇ ಎಂದು ಅಂಗಡಿಗೆ ಫೋನ್ ಮಾಡಿ ವಿಚಾರಿಸಿದರು.

ಸಂಜೆ ಮನೆಯಲ್ಲಿ ಮಾಸ್ತರರು ಹೊಟ್ಟೆ ಹಿಡಿದು ಕೂತದ್ದನ್ನು ನೋಡಿ ಅವರ ತಾಯಿ ರಾಧಾಬಾಯಿ ಅಂಗೈಯಲ್ಲಿ ಓಂಕಾಳು ಹಾಕಿದರು. “ಅಗದು ನುಂಗು. ಎಲ್ಲೋ ಕರದದ್ದು ತಿಂದು ಬಂದೀ.” ಹೆಂಡತಿ ಹರ್ಷದಾ ಮಿರಜದವಳು, ಮರಾಠಿ ಮನೆಯ ಮಗಳು, ಮಾತು ಕಡಿಮೆ. ನೀರು ತಂದಿಡುತ್ತ ಕೇಳಿದಳು:

“ಅಹೋ, ಮಶೀನ್ ನೀವು ಕಣ್ಣಾರೆ ನೋಡಿದ್ರಿ?”

“ಕಣ್ಣಿಗೆ ಕಾಣಸಿದ್ರ ಅದರ ಪ್ರಯೋಜನೇನು? ಅಡಗಿರೂದ ಅದರ ಕೆಲಸ.”

ಹರ್ಷದಾ ನೀರಿನ ಲೋಟ ಮುಂದೆ ಸರಿಸಿದಳು. ಅವಳ ಬಲಗೈ ಉಗುರುಗಳು ಉದ್ದ ಬೆಳೆದಿದ್ದವು, ಎಡಗೈಯವನ್ನು ಮಾಂಸದವರೆಗೆ ಕತ್ತರಿಸಿದ್ದಳು. ಮಾಸ್ತರರು ಅದನ್ನು ಗಮನಿಸಿದರು. ನೇಲ್‌ಕಟರ್ ನಡುವೆಯೇ ಕಳೆದಿರಬೇಕು ಎಂದುಕೊಂಡರು. ರಾಧಾಬಾಯಿಗೆ ಬೇರೆ ಸಂಶಯವಿತ್ತು. ಸೊಸೆ ಹೊರಗೆ ಹೋದಮೇಲೆ ಮಗನ ಕಿವಿಯಲ್ಲಿ, “ವಾರಕ್ಕ ಮೂರ ಸಲ ಬನಹಟ್ಟಿ ಭಜನೀ ಮಂಡಳ ಅಂತ ಹೋಗ್ತಾಳ. ಒಂದ ದಿನಾನೂ ಮನ್ಯಾಗ ಒಂದು ಭಜನಿ ಅಂದಿಲ್ಲ. ಏನೋ ವ್ರತಾ ಹಿಡದಾಳ, ನೋಡು,” ಎಂದರು. ಮಾಸ್ತರರಿಗೆ ಅದನ್ನು ನೋಡಲು ಪುರಸತ್ತಿರಲಿಲ್ಲ. ಅವರು ಮಶೀನಿನಲ್ಲಿದ್ದರು.

ಮೊದಲ ಪರೀಕ್ಷೆಗೆ ಬಂದವನು ತಿಮ್ಮಾಪುರದ ದುರಗೇಶ. ಅವನು ಮುಧೋಳ ನಾಯಿ ಸಾಕಿದವನು. ತನ್ನ ನಾಯಿಯಿಂದ ಏನನ್ನೂ ಮುಚ್ಚಿಡಲಾಗದು ಎಂದು ಅವನ ನಂಬಿಕೆ. ಆಟೋದಲ್ಲಿ ನಾಯಿಯನ್ನು ಕೂರಿಸಿಕೊಂಡು ಬಂದು ಮಾಳಿಗೆ ಹತ್ತಿಸಿದ. ಮೆಟ್ಟಿಲ ತುಂಬ ಜನ. ಗುರುಪಾದ ಸಿಟ್ಟಾಗಲಿಲ್ಲ. ನಾಯಿಗೊಂದು ಚಾಪೆ ಹಾಸಿ ನುಡಿಸತೊಡಗಿದ. ನಾಯಿ ಅವನ ಬೆರಳುಗಳನ್ನೇ ನೋಡಿತು. ಅದರ ಕಣ್ಣುಗಳು ಎಡಕ್ಕೆ ಬಲಕ್ಕೆ ಓಡಾಡಿದವು. ಆಮೇಲೆ ಮುಂಗಾಲ ಮೇಲೆ ಗದ್ದವಿಟ್ಟು ಮಲಗಿಬಿಟ್ಟಿತು.

“ಮಶೀನ್ ಇಲ್ರೀ,” ಎಂದು ದುರಗೇಶ ತೀರ್ಪು ಕೊಟ್ಟ.

“ಮುಧೋಳ ನಾಯಿ ಕಣ್ಣಿಲೆ ಬ್ಯಾಟಿ ಆಡ್ತದ, ಮೂಗಿಲೆ ಅಲ್ಲ,” ಎಂದರು ಕೆಳಗೆ ನಿಂತ ಮಾಸ್ತರರು. “ಅಡಗಿದ್ದ ಮಶೀನ್ ಅದಕ್ಕ ಹೆಂಗ ಕಾಣಸಬೇಕು?”

ಜನ ಹೌದೆಂದು ತಲೆ ಹಾಕಿದರು. ದುರಗೇಶನಿಗೆ ಅವಮಾನವಾಯಿತು. “ಎದುರಿಗೆ ಬೆಕ್ಕ ಹಾದ ಹೋತ್ರೀ, ಏಳ್ಲಿಲ್ಲ ಇದು! ಹುಟ್ಟಿದಾಗಿಂದ ಹಗಲ ಮಲಗಿದ್ದ ನಾಯಿ ಅಲ್ಲ!” ಎಂದು ಕೂಗಿದ. ಅದರಿಂದ ಇನ್ನೊಂದು ಸುದ್ದಿ ಹುಟ್ಟಿತು. ಮಶೀನಿನಿಂದ ಗುಂಗು ಹಿಡಿಯುತ್ತದೆಂದು ಇಬ್ಬರು ತಾಯಂದಿರು ಮಕ್ಕಳನ್ನು ಕ್ಲಾಸಿನಿಂದ ಬಿಡಿಸಿದರು.

ಮಾಸ್ತರರಿಗೆ ಈಗ ಪುರಾವೆ ಬೇಕೆನಿಸಿತು. ನೇರ ಈರಪ್ಪನ ಮಗ್ಗದ ಮನೆಗೆ ಹೋದರು. ನಾಲ್ಕು ಮಗ್ಗಗಳು ಒಟ್ಟಿಗೆ ಓಡುತ್ತಿದ್ದವು. ಅಲ್ಲಿ ಮಾತಾಡುವುದೆಂದರೆ ಒಬ್ಬರ ಕಿವಿಯಲ್ಲಿ ಒಬ್ಬರು ಕಿರುಚುವುದು.

“ನಿಮ್ಮ ಮಗಾ ಇದನ್ನೆಲ್ಲ ಎಲ್ಲಿ ಕಲ್ತಾ?” ಎಂದು ಮಾಸ್ತರರು ಕಿರುಚಿದರು.

ಮಗನ ಮಾತು ಕೇಳಿದ್ದೇ ತಡ, ಈರಪ್ಪ ಅರಳಿದ. “ಸಣ್ಣಾಂವ ಇದ್ದಾಗ ಇಲ್ಲೇ ಕಡದ ಎಳಿಗೆ ಗಂಟ ಹಾಕಾಕ ಕುಂದರಸ್ತಿದ್ದೆ ನೋಡ್ರಿ! ಏನ್ ಚುರುಕ ಕೈಬಳ್ಳ ಅಂತೀರಿ! ಒಂದ ದಿನಾ ಸಾಂಗ್ಲಿ ಸಂತ್ಯಾಗ ಒಂದು ಮುರಕ ಗಿಟಾರ ತಂದ. ಎರಡ ತಂತಿ ಇದ್ದೂ. ಉಳದ ನಾಕಕ್ಕ ನಮ್ಮ ನೂಲ ಕಟ್ಟಿದ!”

“ಆಮೇಲೆ?”

“ಪುಣೆಕ್ಕ ಹ್ವಾದ. ಒಬ್ರ ಗುರುಗಳ ಹಂತೇಕ ಏಳ ವರ್ಷ ಕಲತ. ಹೊಟ್ಟಿಗೆ ಒಂದು ದೊಡ್ಡ ಹೋಟೆಲ್ದಾಗ ಬಾರಸ್ತಿದ್ದ.”

ಈರಪ್ಪನ ಹೆಂಡತಿ ಶಂಕ್ರೆವ್ವ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವುದನ್ನು ಬಿಟ್ಟು ಹತ್ತಿರ ಬಂದಳು. “ಫೋನ್ ಮಾಡಿ, ಉಂಡೀ ಏನಪಾ ಅಂತಿದ್ನಿ. ಇಲ್ಲಿ ಎಲ್ಲಾರೂ ಉಣ್ಣಾಕತ್ತಾರಬೇ, ನಾ ಬಾರಸಾಕತ್ತೇನಿ, ಯಾರೂ ತಲಿ ಎತ್ತಿ ನೋಡವಲ್ರು ಅಂತಿದ್ದ.”

ಒಂದು ಕ್ಷಣ ಮಾಸ್ತರರಿಗೆ ಕೆಡುಕೆನಿಸಿತು. ರಿಸೆಪ್ಶನ್ನುಗಳಲ್ಲಿ ಊಟದ ಸಾಲಿಗೆ ಬೆನ್ನು ಹಾಕಿ ನುಡಿಸಿದ ಅನುಭವ ಅವರಿಗೂ ಇತ್ತು. “ಮತ್ತ ಪುಣೆ ಬಿಟ್ಟು ಯಾಕ ಬಂದ?” ಎಂದು ಮೆಲ್ಲಗೆ ಕೇಳಿದರು. ಈರಪ್ಪನಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಕಿರುಚಬೇಕಾಯಿತು.

“ಅಲ್ಲಿ ಕಲಸಾವ್ರು ಬಾಳ ಮಂದಿ ಅದಾರಪ್ಪಾ, ನಮ್ಮ ಕಡೆ ಒಬ್ರೂ ಇಲ್ಲ ಅಂದ!”

ಉರಿ ಹೊಟ್ಟೆಯಿಂದ ಗಂಟಲಿಗೆ ಬಂತು. ಮಾಸ್ತರರು ಎದ್ದುನಿಂತರು. ಈರಪ್ಪ ಬೀಳ್ಕೊಡುತ್ತ, “ಅಂವನ ಗುರು ಖರೇ ಅಂದ್ರ ಈ ಮಗ್ಗಾರೀ! ಗಿಟಾರಿನೊಳಗ ಮಗ್ಗ ಐತಿ! ಹೆಬ್ಬಟ್ಟ ಲಾಳಿ ಓಡಿದಂಗ ಓಡತೈತಿ, ಉಳದ ಬಳ್ಳ ನೇಕಾರಕಿ ಮಾಡತಾವ!” ಎಂದ. ಲಾಳಿಯ ಮಾತು ಬರುವಷ್ಟರಲ್ಲಿ ಒಂದು ಮಗ್ಗದ ಬೆಲ್ಟು ಜಾರಿ ದೊಡ್ಡ ಸದ್ದಾಯಿತು. ಮಾಸ್ತರರ ಕಿವಿಗೆ ಬಿದ್ದದ್ದು ಇಷ್ಟೇ: ಗಿಟಾರಿನೊಳಗ ಮಗ್ಗ ಐತಿ.

“ತಂದೀನ ಬಾಯಿ ಬಿಟ್ಟಾನ,” ಎಂದು ಅವರು ಅಂಗಡಿಗೆ ಬಂದು ಹೇಳಿದರು. “ಒಳಗ ಇರೂದು ಮಗ್ಗ.”

ಇದರಿಂದ ಸಂಗತಿ ಬಿಗಡಾಯಿಸಿತು. ಮಶೀನ್ ಎಂದರೆ ಏನೆಂದು ಯಾರಿಗೂ ಗೊತ್ತಿರಲಿಲ್ಲ; ಮಗ್ಗ ಎಂದರೆ ಬನಹಟ್ಟಿಯಲ್ಲಿ ಎಲ್ಲರಿಗೂ ಗೊತ್ತು. ಮೋಟಾರು ಎಷ್ಟು ಎಚ್‌ಪಿ, ಬಟ್ಟೆಯ ಅಗಲ ಎಷ್ಟು, ಸೀರೆಯೋ ಧೋತರವೋ ಎಂಬ ಚರ್ಚೆ ಎದ್ದಿತು. ಶಿವಯೋಗೆಪ್ಪ ಗಾಬರಿಯಾದರು. “ನನ್ನ ಮಾಳಗಿ ಮ್ಯಾಲ ಮಗ್ಗ ಓಡಸಾಕತ್ತಾನ? ಅಂಗಡಿ ಕನೆಕ್ಷನ್ ಮ್ಯಾಲ?” ಎಂದು ಲೈನ್‌ಮನ್ ಹಾಲಸಿದ್ದಪ್ಪನವರನ್ನು ಕರೆಸಿದರು.

ಹಾಲಸಿದ್ದಪ್ಪ ಬಹಳ ಶಿಸ್ತಿನ ಮನುಷ್ಯ. ಗುರುಪಾದನಿಗೆ ಹತ್ತು ನಿಮಿಷ ನುಡಿಸಲು ಹೇಳಿ, ತಾವು ಕೆಳಗೆ ಮೀಟರಿನ ಮುಂದೆ ಕಣ್ಣು ಮಿಟುಕಿಸದೆ ನಿಂತರು. ಮೀಟರು ಅಲುಗಲಿಲ್ಲ. ಅವರು ತಮ್ಮ ಪುಸ್ತಕದಲ್ಲಿ ಬರೆದರು: ‘ಸ್ಥಳ ಪರಿಶೀಲಿಸಲಾಗಿ ಮಗ್ಗ ಕಂಡುಬಂದಿರುವುದಿಲ್ಲ. ಆದರೆ ಸಪ್ಪಳ ಇರುತ್ತದೆ.’

ಈ ಬರಹವನ್ನು ಎರಡೂ ಪಕ್ಷದವರು ತಮ್ಮ ಗೆಲುವೆಂದು ಓದಿದರು.

ಗುರುಪಾದನಿಗೆ ಮಾತ್ರ ಗೆಲುವು ಕಾಣಲಿಲ್ಲ. ಹತ್ತೊಂಬತ್ತು ಶಿಷ್ಯರಲ್ಲಿ ಎಂಟು ಜನ ಉಳಿದರು. ಜಮಖಂಡಿಯ ಸಂಗೀತ ಮಂಡಳಿಯೊಂದು ಅವನನ್ನೂ ಅವನ ಶಿಷ್ಯರನ್ನೂ ನುಡಿಸಲು ಕರೆದಿತ್ತು. ಅದರ ಸೆಕ್ರೆಟರಿ ಫೋನ್ ಮಾಡಿ, “ನೀವು ಖರೇನ ಕೈಲೆ ಬಾರಸ್ತೀರಿ ಅಂತ ಊರ ಹಿರ್ಯಾರು ಬರದುಕೊಡ್ಲಿ, ಆಮ್ಯಾಲ ನೋಡೂಣ,” ಎಂದರು. ಬರೆದುಕೊಡಬಲ್ಲ ಹಿರಿಯರು ಯಾರು? ಗುರುಪಾದ ಯೋಚಿಸಿ, ಮರುದಿನ ಬೆಳಿಗ್ಗೆ ನಂದಕಿಶೋರ ಮಾಸ್ತರರ ಮನೆಯ ಬಾಗಿಲು ತಟ್ಟಿದ.

“ಸರ್, ಯಾರೋ ಮಶೀನ್ ಅಂತ ಸುದ್ದಿ ಹಬ್ಬಸ್ಯಾರ. ಯಾರಂತ ನಂಗ ಬ್ಯಾಡ. ನೀವು ಒಂದ ಮಾತ ಹೇಳಿದ್ರ ಜನಾ ಕೇಳತಾರ.” ಆಮೇಲೆ ನಾಚುತ್ತ, “ಗಣಪತಿ ಮುಂದ ನೀವು ಬಾರಸೂದ ನೋಡೇರೀ ನಂಗ ಈ ಹುಚ್ಚ ಹಿಡದದ್ದು. ಆ ಮರದಿನಾನ ಸಾಂಗ್ಲಿಗೆ ಹೋಗಿ ಗಿಟಾರ ತಂದಿದ್ನಿ,” ಎಂದ.

ಮಾಸ್ತರರ ಉರಿ ಒಮ್ಮೆಲೇ ತಣ್ಣಗಾಯಿತು. ಮರುಕ್ಷಣ, ನನ್ನನ್ನು ನೋಡಿ ಹೊರಟವನು ನನ್ನನ್ನು ದಾಟಿ ಹೋದನಲ್ಲ ಎಂದು ಎರಡು ಪಟ್ಟು ಹೊತ್ತಿತು. ಹರ್ಷದಾ ಚಹಾ ತಂದಳು. ಗುರುಪಾದ ಅವಳನ್ನು ನೋಡಿ ಏಳಲು ಹೋಗಿ ಕೂತ. ಅವಳು ಕಪ್ಪು ಇಟ್ಟು, ಗಂಡನ ಬಾಯಿಯಿಂದ ಏನು ಬರುತ್ತದೆಂದು ಕಾಯುತ್ತ ಬಾಗಿಲಲ್ಲೇ ನಿಂತಳು.

“ಪಬ್ಲಿಕ್ ಪರೀಕ್ಷಾ ಆಗ್ಲಿ,” ಎಂದರು ಮಾಸ್ತರರು. “ಎಲ್ಲಾರ ಮುಂದ.”

“ಆಗ್ಲಿರೀ ಸರ್,” ಎಂದು ಗುರುಪಾದ ಕೈಮುಗಿದು ಹೋದ. ಹರ್ಷದಾ ಆ ದಿನದ ಸಾರಿಗೆ ಉಪ್ಪು ಹಾಕಲಿಲ್ಲ.

ಸೋಮವಾರ ವಿದ್ಯುತ್ ತಂತಿಯ ದುರಸ್ತಿಗೆಂದು ಹನ್ನೊಂದರಿಂದ ಹನ್ನೆರಡರವರೆಗೆ ಹೇಗೂ ಕರೆಂಟು ತೆಗೆಯುವುದಿತ್ತು. ಕರೆಂಟಿಲ್ಲದೆ ಯಾವ ಮಗ್ಗವೂ ಓಡದೆಂದು ಪರೀಕ್ಷೆಗೆ ಅದೇ ಹೊತ್ತನ್ನು ಗೊತ್ತುಮಾಡಿದರು. ಶಿವಯೋಗೆಪ್ಪನವರ ಅಂಗಡಿಯ ಕಟ್ಟೆಯೇ ವೇದಿಕೆ. ರಾಧಾಬಾಯಿ, ಮಗನ ಗೆಲುವು ನೋಡಬೇಕೆಂದು, ಸೊಸೆಯ ಕೈ ಹಿಡಿದು ಮುಂದಿನ ಸಾಲಿಗೆ ಬಂದು ಕೂತರು. ಹನ್ನೊಂದಕ್ಕೆ ಸರಿಯಾಗಿ ಹಾಲಸಿದ್ದಪ್ಪ ಕಂಬದಿಂದ ಕೈ ಎತ್ತಿದರು.

ಊರಿನ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಬನಹಟ್ಟಿಯವರು ನಡುಹಗಲಲ್ಲಿ ಎಂದೂ ಕೇಳದ ನಿಶ್ಶಬ್ದ ಅದು. ತೊಟ್ಟಿಲ ಕೂಸುಗಳು ಹೆದರಿ ಅಳತೊಡಗಿದವು. ಕಟ್ಟೆಯ ಬಳಿ ಇಬ್ಬರು ಸಹಜವಾಗಿ ಮಾತಾಡಿದ್ದು ಜಗಳದ ಹಾಗೆ ಕೇಳಿಸಿತು. ರಾಧಾಬಾಯಿ ಎರಡೂ ಕಿವಿ ಹಿಡಿದುಕೊಂಡು, “ಹರ್ಷದಾ, ನನ್ನ ಕಿವಿ ಹೋದ್ವು ನೋಡು!” ಎಂದರು. ಮಗ್ಗದ ಮನೆಗಳಿಂದ ಜನ ಹೊರಗೆ ಬಂದು ಬೀದಿ ತುಂಬಿತು.

ದುರಗೇಶ ಗಿಟಾರಿನ ತೂತಿನೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದ. “ಖಾಲಿ ಐತ್ರೀ. ಒಂದು ಚೀಟಿ ಅಂಟಸ್ಯಾರ, ಅಷ್ಟ.”

“ಚೀಟಿ ಹಿಂದ ನೋಡು,” ಎಂದರು ಮಾಸ್ತರರು. “ಈಗಿನ ಮಶೀನ್ ಸಾಸವಿಯಷ್ಟ ಇರ್ತಾವ.”

ಶಿವಯೋಗೆಪ್ಪ ವ್ಯಾಪಾರಿ, ಲೆಕ್ಕಕ್ಕೆ ಸಿಗದ ಮಾತನ್ನು ಬೆಳೆಸುವವರಲ್ಲ. “ಇರ್ಲಿ ಸರ್. ಒಳಗ ಮಶೀನ್ ಐತಿ ಅಂದಮ್ಯಾಲ ಅದು ಯಾರ ಕೈಯಾಗ ಕೊಟ್ರೂ ಬಾರಸಬೇಕಲ? ಗುರುಪಾದ ದೂರ ಕುಂದ್ರಲಿ. ನೀವು ಹಿಡೀರಿ.”

ಜನ ಚಪ್ಪಾಳೆ ತಟ್ಟಿದರು. ಗಿಟಾರ್ ಮಾಸ್ತರರ ತೊಡೆಯ ಮೇಲೆ ಬಂತು. ಮಶೀನ್ ಇದೆಯೆಂದು ತೋರಿಸಬೇಕಾದರೆ ಅವರು ಮೂರು ಸಪ್ಪಳ ಹೊರಡಿಸಬೇಕು. ಅದು ಬರುವುದಾಗಿದ್ದರೆ ಈ ಮಶೀನು ಹುಟ್ಟುತ್ತಲೇ ಇರಲಿಲ್ಲ. ಇಪ್ಪತ್ತೆರಡು ವರ್ಷಗಳ ವೃತ್ತಿಯಲ್ಲಿ ಮಾಸ್ತರರು ಮೊದಲ ಬಾರಿಗೆ ಕಣ್ಣು ಮುಚ್ಚಿ ಮನಃಪೂರ್ವಕ ಬೇಡಿಕೊಂಡರು: ದೇವರೇ, ಇದರೊಳಗೆ ಮಶೀನ್ ಇರಲಿ.

ಇರಲಿಲ್ಲ. ಅವರು ಚಿಪ್ಪಿನಿಂದ ಗೀಚಿದರು. ಮಗ್ಗಗಳ ಗದ್ದಲದಲ್ಲಿ, ಮೈಕಿನ ಆರ್ಭಟದಲ್ಲಿ, ಡ್ರಮ್ಮಿನ ಹಿಂದೆ ಇಷ್ಟು ವರ್ಷ ಅಡಗಿದ್ದ ಅವರ ಗಿಟಾರ್ ಆ ನಿಶ್ಶಬ್ದದಲ್ಲಿ ಬಟ್ಟೆಯಿಲ್ಲದೆ ನಿಂತ ಹಾಗೆ ನಿಂತಿತು. ಎಡಗೈಯ ಬೆರಳು ಹೇಗೋ ಎಫ್‌ನ ಮೇಲೆ ಬಿತ್ತು. ಗುಂಯ್ ಎಂದಿತು. ಆ ಗುಂಯ್ ಬೀದಿಯ ಕೊನೆಯವರೆಗೂ ಕೇಳಿಸಿತು.

“ಮಶೀನ್ ಬಂದ್ ಬಿದ್ದೈತಿ,” ಎಂದರು ಯಾರೋ.

ಈಗ ಗುರುಪಾದ ತೆಗೆದುಕೊಂಡ. ಅವನ ಹೆಬ್ಬೆರಳು ನಡೆಯತೊಡಗಿದಾಗ ಗುಂಪಿನ ಹಿಂದೆ ನಿಂತ ಈರಪ್ಪನ ಕಾಲು ತಾನಾಗಿ ಹಳೆಯ ಕೈಮಗ್ಗ ತುಳಿಯತೊಡಗಿತು. ಧಾಟಿ ಎದ್ದಿತು, ತಾಳ ಸೇರಿತು. ಸಣ್ಣ ಸದ್ದೇ, ಆದರೆ ಬೀದಿಯ ಆ ತುದಿಯಲ್ಲಿ ಮಾಳಿಗೆಯ ಮೇಲೆ ಬಟ್ಟೆ ಒಣಗಿಸುತ್ತಿದ್ದವರೂ ಕೈ ನಿಲ್ಲಿಸಿ ಕೇಳಿದರು. ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕರೆಂಟು ಬಂದುಬಿಟ್ಟೀತೆಂಬ ಅಂಜಿಕೆಯಿಂದ ಎಲ್ಲರೂ ಹಾಲಸಿದ್ದಪ್ಪನವರ ಕಡೆ ನೋಡಿದರು. ಅವರು ಕಂಬಕ್ಕೆ ಆತು ಕಣ್ಣೊರೆಸಿಕೊಳ್ಳುತ್ತಿದ್ದರು.

ಆದರೂ ಒಂದು ದನಿ ಎದ್ದಿತು. “ಮಶೀನ್ ಗಿಟಾರದಾಗ ಇಲ್ರಿ. ಕೈಯಾಗ ಐತಿ! ಉಗುರ ನೋಡ್ರಿ, ಒಂದ ಕೈಗಷ್ಟ ಬೆಳಿಸ್ಯಾನ!”

ಜನ ಗುರುಪಾದನ ಬಲಗೈ ಹಿಡಿದೆಳೆದರು. ಆಗ ಮುಂದಿನ ಸಾಲಿನಿಂದ ಹರ್ಷದಾ ಎದ್ದಳು.

“ನನ್ನ ಕೈನೂ ನೋಡ್ರಿ,” ಎಂದು ಬಲಗೈ ಚಾಚಿದಳು. “ಉಗುರಿಲೆ ತಂತಿ ಎತ್ತಬೇಕಾಗ್ತದ, ಅದಕ್ಕ ಬೆಳಸೂದು. ನಾ ಒಂದ ವರ್ಷಾತು ಇವರ ಹತ್ರ ಕಲೀಲಿಕ್ಕತ್ತಿ.”

ಅವಳು ಕಟ್ಟೆ ಹತ್ತಿ, ಸೆರಗು ಸಿಕ್ಕಿಸಿ, ಗಿಟಾರ್ ತೆಗೆದುಕೊಂಡಳು. ಗುರುಪಾದನಷ್ಟು ಕೈಯಿಲ್ಲ, ಎರಡು ಕಡೆ ತಡವರಿಸಿದಳು. ಆದರೆ ಹೆಬ್ಬೆರಳು ಬೀಸುಕಲ್ಲಿನ ಹಾಗೆ ನಿಧಾನವಾಗಿ ತಿರುಗಿತು, ಅದರ ಮೇಲೆ ಒಂದು ಬೀಸುವ ಪದದ ಧಾಟಿ ಎದ್ದಿತು. ಎಫ್ ಬಂತು, ಹೋಯಿತು. ಮಾಸ್ತರರ ಹೊರತು ಯಾರೂ ಅದನ್ನು ಗಮನಿಸಲಿಲ್ಲ. ಅವರು ಹೆಂಡತಿಯ ತೋರುಬೆರಳನ್ನೇ ನೋಡುತ್ತಿದ್ದರು. ಆ ಬೆರಳಿನಿಂದ ಅವಳು ಇಪ್ಪತ್ತು ವರ್ಷ ಅವರಿಗೆ ಉಪ್ಪಿನಕಾಯಿ ಬಡಿಸಿದ್ದಳು.

“ಅಯ್ಯ, ಇದನ್ನ ನಮ್ಮ ಆಯಿ ಬೀಸೂವಾಗ ಅಂತಿದ್ಲು,” ಎಂದು ರಾಧಾಬಾಯಿ ಅಲ್ಲಿಯೇ ಸಣ್ಣಗೆ ದನಿ ಕೂಡಿಸಿದರು.

ಹನ್ನೆರಡಕ್ಕೆ ಕರೆಂಟು ಬಂತು, ಮಗ್ಗಗಳು ಎದ್ದವು, ಯಾರಿಗೂ ಯಾರ ಮಾತೂ ಕೇಳದಾಯಿತು. ಆ ಗದ್ದಲದಲ್ಲಿ ಶಿವಯೋಗೆಪ್ಪ ಮಾಸ್ತರರ ಕೊರಳಿಗೆ ನೂಲಿನ ಹಾರ ಹಾಕಿ, ಮೆಗಾಫೋನಿನಲ್ಲಿ ಕೂಗಿದರು:

“ಎಂಥಾ ದೊಡ್ಡ ಮನಸ್ರೀ! ಮನೀ ಹೆಣಮಗಳನ್ನ ಇನ್ನೊಬ್ರ ಹಂತೇಕ ಕಲೀಲಿ ಅಂತ ಕಳಿಸ್ಯಾರ! ಬನಹಟ್ಟಿ ಮಂದಿ ಒಂದ ತಾಸ ಸುಮ್ಮ ಕುಂತ ಗಿಟಾರ ಕೇಳಲಿ ಅಂತ ಇಷ್ಟೆಲ್ಲಾ ನಾಟಕಾ ಹೂಡ್ಯಾರ! ಬೇಕಂತ ಕೆಟ್ಟ ಬಾರಸಿ ತೋರಸ್ಯಾರ!”

ಜನ ಕುಣಿದರು. ಮಾಸ್ತರರು ಗುರುಪಾದನನ್ನು ನೋಡಿದರು. ಸುದ್ದಿ ಹಬ್ಬಿಸಿದವರು ಯಾರೆಂದು ಅವನಿಗೆ ಈಗ ಗೊತ್ತಾಗಿತ್ತು. ಅವನು ಕಣ್ಣು ತಗ್ಗಿಸಿ ತಂತಿ ಸಡಿಲಿಸುತ್ತಿದ್ದ. ಹರ್ಷದಾ ಮಾತ್ರ ನೇರ ನೋಡುತ್ತಿದ್ದಳು. ಮಾಸ್ತರರು ಮೆಗಾಫೋನ್ ಕಸಿದುಕೊಂಡರು.

“ನಾಟಕ ಅಲ್ರೀ! ನಾ ಸುಳ್ಳ ಹೇಳಿದ್ದೆ! ಹೊಟ್ಟಿಕಿಚ್ಚಿಗೆ ಹೇಳಿದ್ದೆ! ನಂಗ ಬರೂದ ಅಷ್ಟ!”

“ವಿನಯ ನೋಡ್ರಿ, ವಿನಯ!” ಎಂದರು ಶಿವಯೋಗೆಪ್ಪ, ಇನ್ನೊಂದು ಹಾರ ಹಾಕುತ್ತ.

ಅವರು ಮೂರು ಸಲ ಕೂಗಿದರು. ಪ್ರತಿ ಸಲವೂ ಚಪ್ಪಾಳೆ ಜೋರಾಯಿತು. ಕೊನೆಗೆ ಎರಡು ಹಾರ ಹೊತ್ತುಕೊಂಡು, ಜನರ ನಡುವೆ ಹಾದು, ಗುರುಪಾದನ ಮುಂದೆ ನಿಂತು ಕೈ ಹಿಡಿದರು. ಏನೋ ಹೇಳಿದರು; ಮಗ್ಗದ ಸದ್ದಿನಲ್ಲಿ ಕೇಳಿಸಲಿಲ್ಲ. ಆದರೆ ಗುರುಪಾದ ತಲೆಯಾಡಿಸಿದ, ಸ್ವಲ್ಪ ಹೊತ್ತಿನ ಮೇಲೆ ನಕ್ಕ.

ಮನೆಯಲ್ಲಿ ಊಟದ ಹೊತ್ತಿಗೆ ಮಾಸ್ತರರು ಕೇಳಿದರು, “ಕಲೀಬೇಕಂತ ಇತ್ತಂದ್ರ ನನ್ನ ಹತ್ರ ಯಾಕ ಕೇಳಲಿಲ್ಲ?”

“ಕೇಳಿದ್ದೆ. ಮದುವ್ಯಾದ ವರ್ಷ ಕೇಳಿದ್ದೆ. ಆಮೇಲೆ ಎರಡ ಸಲ ಕೇಳಿದೆ. ಹೆಣ್ಣಮಕ್ಕಳ ಬಟ್ಟು ಮೆತ್ತಗ, ಆಗೂದಿಲ್ಲ ಅಂದ್ರಿ.”

ಮಾಸ್ತರರಿಗೆ ನೆನಪಿರಲಿಲ್ಲ. ಆದರೆ ತಾವು ಅಂಥ ಮಾತನ್ನು ಆಡಿರಬಲ್ಲರು ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ.

ಬಿಟ್ಟುಹೋದ ಶಿಷ್ಯರು ವಾರದೊಳಗೆ ತಿರುಗಿ ಬಂದರು. ಜೊತೆಗೆ ಆರು ಜನ ಹೊಸಬರು, ಅವರಲ್ಲೊಬ್ಬರು ಲೈನ್‌ಮನ್ ಹಾಲಸಿದ್ದಪ್ಪ. ಜಮಖಂಡಿಯ ಸೆಕ್ರೆಟರಿಯೂ ಒಪ್ಪಿದರು. ಕಾರ್ಯಕ್ರಮದ ದಿನ ಗುರುಪಾದ ಮತ್ತು ಇತರರು ಮುಂಚೆ ಹೋಗಿದ್ದರು. ಹರ್ಷದಾ ಮನೆಗೆಲಸ ಮುಗಿಸಿ ಮಧ್ಯಾಹ್ನದ ಬಸ್ಸು ಹಿಡಿದಳು. ಗಿಟಾರಿನ ಚೀಲ ಹೊತ್ತವರು ಮಾಸ್ತರರು. ಬಸ್ಸಿನಲ್ಲಿ ಒಂದೇ ಸೀಟು ಇತ್ತು. ಅಲ್ಲಿ ಅವಳು ಕೂತಳು; ಪಕ್ಕದ ಅಜ್ಜಿ ಸರಿದು, ಗಿಟಾರಿಗೆ ಕಿಟಕಿಯ ಬದಿ ಜಾಗ ಮಾಡಿಕೊಟ್ಟಳು. ಮಾಸ್ತರರು ನಿಂತರು. ಕಿಟಕಿಯ ಗಾಳಿ ಆ ಚೀಲಕ್ಕೆ ಬೀಸುತ್ತಿತ್ತು. ಅದಕ್ಕೆ ಸಿಕ್ಕ ಸುಖವನ್ನೂ ಅವರಿಗೆ ನೋಡಲಾಗಲಿಲ್ಲ.

ಕಂಡಕ್ಟರು ಬಂದ. “ಬಾಯಾರಿಗೆ ಟಿಕೀಟ ಫ್ರೀ. ಈ ಡಬ್ಬಿ ಯಾರದು?”

“ಗಿಟಾರ್,” ಎಂದರು ಮಾಸ್ತರರು.

“ನೀವು ಬಾರಸ್ತೀರೇನು?”

ಈ ಪ್ರಶ್ನೆಗೆ ನಾಲ್ಕು ತಾಲೂಕುಗಳಲ್ಲಿ ಅವರು ಒಂದೇ ಉತ್ತರ ಕೊಡುತ್ತ ಬಂದಿದ್ದರು. ಅದು ಈಗಲೂ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡರು. ಹೊಟ್ಟೆ ಉರಿಯಿತು.

“ನಮ್ಮ ಮನಿಯವ್ರು ಬಾರಸ್ತಾರ. ಜಮಖಂಡ್ಯಾಗ ಕಾರ್ಯಕ್ರಮ ಅದ ಅವರದು.”

ಕಂಡಕ್ಟರು ಹರ್ಷದಾಳನ್ನು ಗೌರವದಿಂದ ನೋಡಿದ. ಆಮೇಲೆ ಮಾಸ್ತರರನ್ನು ಮೇಲಿಂದ ಕೆಳಗೆ ನೋಡಿ ಕೇಳಿದ:

“ಮತ್ತ ನೀವ್ಯಾಕ ಹೊಂಟೀರಿ?”

ಬಸ್ಸು ಕಬ್ಬಿನ ಟ್ರ್ಯಾಕ್ಟರೊಂದರ ಹಿಂದೆ ನಿಧಾನವಾಯಿತು. ಹರ್ಷದಾ ಕಿಟಕಿಯಿಂದ ಮುಖ ತಿರುಗಿಸಿ ಗಂಡನನ್ನು ನೋಡಿದಳು. ಮಾಸ್ತರರು ಬಾಗಿ, ಗಿಟಾರಿನ ಚೀಲವನ್ನು ನೆಟ್ಟಗೆ ನಿಲ್ಲಿಸಿದರು.

“ಕೇಳ್ಲಿಕ್ಕೆ,” ಎಂದರು.